ಯೂರಿಯಾ ಟ್ಯಾಂಕಿನ ಉಷ್ಣತಾ ಸೆನ್ಸರ್ ಕೆಟ್ಟಿತೆಂದಾಗ

2020ರ ಏಪ್ರಿಲ್‌ನಿಂದ ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲೆ ಕೊಂಡ ಡೀಸೆಲ್ ಲಾರಿಗಳಲ್ಲಿ, ಕೆಲವು ಪಿಕಪ್‌ಗಳಲ್ಲೂ, ಡೀಸೆಲ್ ಮುಚ್ಚಳದ ಜೊತೆಗೆ ಒಂದು ನೀಲಿ ಮುಚ್ಚಳ ಇರುವುದನ್ನು ಸದಸ್ಯ ಬಾಂಧವರು ಬಲ್ಲರು. ಒಳಗಿರುವುದು ಡಿ.ಇ.ಎಫ್. ಎಂಬ ದ್ರಾವಣ: ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಖನಿಜರಹಿತ ನೀರು. ಇದು ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದರಿಂದ ಅದರ ಉಷ್ಣತೆಯನ್ನು ಕಂಪ್ಯೂಟರಿಗೆ ತಿಳಿಸಲು ಟ್ಯಾಂಕಿನಲ್ಲಿ ಸೆನ್ಸರ್ ಇಟ್ಟಿರುತ್ತಾರೆ. ಮಲೆನಾಡಿನಲ್ಲಿ ಇದೇಕೆ ಎಂದು ಕೇಳಬಹುದು. ಆದರೆ ಅದು ಕೈಕೊಟ್ಟರೆ ದೀಪ ಹತ್ತುತ್ತದೆ. ಹಾಗೆಯೇ ಬಿಟ್ಟರೆ ಹಲವು ವಾಹನಗಳಲ್ಲಿ ಎಂಜಿನಿನ ಶಕ್ತಿಯೇ ಇಳಿಯುತ್ತದೆ.

ಕಳೆದ ಕೊಯ್ಲಿನ ನಡುವೆ ನಮ್ಮ ಸಂಘದ ವಾಹನಕ್ಕೆ ಇದೇ ಆಯಿತು. ಹಣ್ಣು ತುಂಬಿಕೊಂಡು ಏರು ಹತ್ತಲಾರದೆ ನಿಂತಿತು. ಟ್ಯಾಂಕಿನ ಇಡೀ ಜೋಡಣೆ ಬದಲಿಸಬೇಕು, ಸಾಮಾನು ಬರಲು ಹತ್ತು ದಿನ ಎಂದು ವರ್ಕ್‌ಶಾಪಿನವರು ಹೇಳಿದರು. ಕೊಯ್ದ ಹಣ್ಣು ಹತ್ತು ದಿನ ಕಾಯುತ್ತದೆಯೆ? ನಾವೇ ಪರೀಕ್ಷಿಸಲು ಕುಳಿತೆವು.

ಈ ಸೆನ್ಸರ್ ಬಿಸಿ ಏರಿದಂತೆ ವಿದ್ಯುತ್ ರೋಧ ಇಳಿಯುವ ಜಾತಿಯದು. ಆದ್ದರಿಂದ ತಂತಿ ತುಂಡಾದರೆ ಕಂಪ್ಯೂಟರಿಗೆ ವಿಪರೀತ ಚಳಿ ಕಾಣುತ್ತದೆ, ಪಿ205ಡಿ ಎಂಬ ಸಂಕೇತ ಬರುತ್ತದೆ. ತಂತಿಗಳು ಒಂದಕ್ಕೊಂದು ತಾಗಿದರೆ ವಿಪರೀತ ಬಿಸಿ, ಸಂಕೇತ ಪಿ205ಸಿ. ರಾತ್ರಿಯಿಡೀ ನಿಂತ ವಾಹನದಲ್ಲಿ ಎಂಜಿನ್ ಚಾಲೂ ಮಾಡುವ ಮೊದಲು ಸ್ಕ್ಯಾನರ್ ಹಾಕಿದರೆ ಹೊರಗಾಳಿ, ಕೂಲೆಂಟ್, ಯೂರಿಯಾ ಟ್ಯಾಂಕು ಮೂರರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ನಮ್ಮದರಲ್ಲಿ ಮೊದಲೆರಡು 16, 17 ಡಿಗ್ರಿ. ಮೂರನೆಯದು ಮೈನಸ್ 40! ಎಂತಹ ಮಾಗಿಯ ಚಳಿಯೂ ನಮ್ಮನ್ನು ಹಿಮಾಲಯಕ್ಕೆ ಒಯ್ಯಲಾರದು. ಎಲ್ಲೋ ಸಂಪರ್ಕ ಕಡಿದಿದೆ ಎಂದಾಯಿತು.

ಕೀಲಿ ತೆಗೆದು ಸೆನ್ಸರಿನ ಕನೆಕ್ಟರ್ ಬಿಚ್ಚಿದೆವು. ಪಿನ್ನುಗಳ ಮೇಲೆ ಬಿಳಿ ಹರಳು ಕಟ್ಟಿದ್ದರೆ ಅದು ಒಣಗಿದ ಯೂರಿಯಾ, ಉಗುರುಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಹೋಗುತ್ತದೆ. ನಮ್ಮದರಲ್ಲಿ ಇರಲಿಲ್ಲ. ಮಲ್ಟಿಮೀಟರಿನಿಂದ ಸೆನ್ಸರಿನ ರೋಧ ಅಳೆದೆವು. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನ ಬಿಸಿಲಿಗೆ ನಿಧಾನವಾಗಿ ಇಳಿದಿತ್ತು, ಎಂದರೆ ಸೆನ್ಸರ್ ಸರಿಯಾಗಿದೆ. ಬಳಿಕ ಕೀಲಿ ತಿರುಗಿಸಿ ತಂತಿಯ ಕಡೆ ನೋಡಿದರೆ ಸುಮಾರು 5 ವೋಲ್ಟ್ ಬರಬೇಕಾದಲ್ಲಿ ಸೊನ್ನೆ. ತಂತಿಯ ಕಟ್ಟನ್ನು ಬೆರಳಲ್ಲಿ ಹಿಡಿದು ಹೋದಾಗ ಚಾಸಿಯ ಅಡ್ಡಪಟ್ಟಿಯ ಮೇಲೆ ಇಲಿ ಕಡಿದ ಗುರುತು ಸಿಕ್ಕಿತು. ಬೆಸುಗೆ ಹಾಕಿ, ನೀರು ನುಗ್ಗದಂತೆ ಮುಚ್ಚಿ, ಸಂಕೇತ ಅಳಿಸಿದೆವು. ಮರುದಿನ ಬೆಳಿಗ್ಗೆ ಮೂರೂ ಅಂಕಿ ಹೊಂದಿದವು.

ಸೆನ್ಸರ್ ಬೇರೆ ಭಾಗಗಳೊಂದಿಗೆ ಒಂದೇ ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿರುವ ವಾಹನಗಳಿಗೆ ಈ ಮೀಟರ್ ಪರೀಕ್ಷೆ ಒಗ್ಗುವುದಿಲ್ಲ, ಅಲ್ಲಿ ಸ್ಕ್ಯಾನರನ್ನೇ ನಂಬಬೇಕು. ಇನ್ನೊಂದು ಮಾತು: ದೀಪ ಹತ್ತಿತೆಂದು ಗೊಬ್ಬರದ ಯೂರಿಯಾ ಕದಡಿ ಸುರಿಯುವ ಯೋಚನೆ ಬೇಡ. ಅದರ ಕಲ್ಮಶ ಕೆಟಲಿಸ್ಟನ್ನೇ ಹಾಳುಮಾಡುತ್ತದೆ.

ಮೀಟರ್, ಸ್ಕ್ಯಾನರ್ ಎರಡೂ ಸಂಘದ ಕಚೇರಿಯಲ್ಲಿವೆ. ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು, ಮರುದಿನ ಸಂಜೆಯೊಳಗೆ ಹಿಂದಿರುಗಿಸತಕ್ಕದ್ದು.