ಬಿಲ್ಲಿಂಗ್ ಮಷಿನ್ ಕೊಳ್ಳುವ ಮೊದಲು ಒಂದು ವಾರ ಬರೆದಿಡಿ

ಬಿಲ್ಲಿಂಗ್ ಮಷಿನ್, ಸಾಫ್ಟ್‌ವೇರ್ ಮಾರುವವರು ಈಗ ತಾಲ್ಲೂಕು ಊರುಗಳ ಅಂಗಡಿ ಬಾಗಿಲಿಗೂ ಬರುತ್ತಾರೆ. ತಮ್ಮ ಮಷಿನ್ ಏನೇನು ಮಾಡುತ್ತದೆ ಎಂದು ಅವರು ಚೆನ್ನಾಗಿ ವಿವರಿಸಬಲ್ಲರು. ಆದರೆ ನಿಮ್ಮ ಅಂಗಡಿಗೆ ಬೇಕಾದ್ದೇನು ಎಂಬುದು ನಿಮಗಷ್ಟೇ ಗೊತ್ತು, ಅದನ್ನು ಕಂಡುಕೊಳ್ಳಲು ಖರ್ಚೂ ಇಲ್ಲ. ಇಲ್ಲಿ ಕಿರಾಣಿ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬಟ್ಟೆ, ಹಾರ್ಡ್‌ವೇರ್ ಅಂಗಡಿಗಳಿಗೂ ಹೆಚ್ಚುಕಮ್ಮಿ ಇದೇ ದಾರಿ.

ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ಕೆಲಸ ಎಲ್ಲೆಲ್ಲಿ ಸಿಕ್ಕಿಬಿತ್ತು, ಎಲ್ಲೆಲ್ಲಿ ದುಡ್ಡು ಸೋರಿತು ಎಂದು ಒಂದು ವಾರ ಅಂದಂದೇ ಬರೆಯಿರಿ. ಕೇಳಿದ ಸರಕಿಲ್ಲದೆ ಗಿರಾಕಿ ವಾಪಸ್ ಹೋದದ್ದು, ದರ ಗೊತ್ತಾಗದೆ ಹುಡುಗ ನಿಮಗೆ ಫೋನ್ ಮಾಡಿದ್ದು, ಅವಧಿ ಮುಗಿದ ಬಿಸ್ಕತ್ತನ್ನು ಪಕ್ಕಕ್ಕೆ ಎತ್ತಿಟ್ಟದ್ದು, ಗಡಿಬಿಡಿಯಲ್ಲಿ ಉದ್ರಿ ಬರೆಯದೇ ಬಿಟ್ಟದ್ದು, ರಾತ್ರಿ ಹಣ ತಾಳೆಯಾಗದ್ದು, ಎಲ್ಲವೂ ಅದರಲ್ಲಿರಲಿ. ಕೆಲಸದ ಹುಡುಗರಿಂದಲೂ ಬರೆಸಿ. ಮಾಲೀಕರ ಕಣ್ಣಿಗೆ ಬೀಳದ್ದು ಅವರಿಗೆ ಕಾಣುತ್ತದೆ. ವಾರದ ಕೊನೆಗೆ ಪ್ರತಿ ಸಾಲಿನ ಮುಂದೆ ಅಂದಾಜು ನಷ್ಟವನ್ನು ರೂಪಾಯಿಯಲ್ಲಿ ಹಾಕಿ.

ದೊಡ್ಡ ಮೊತ್ತ ಯಾವ ಸಾಲಿನಲ್ಲಿದೆಯೋ ಮೊದಲು ಅದಕ್ಕೆ ಮದ್ದು. ಉದ್ರಿಯಲ್ಲೇ ಸೋರಿಕೆಯಾದರೆ ಫೋನಿನಲ್ಲಿ ಒಂದು ಖಾತಾ ಆ್ಯಪ್ ಸಾಕು, ಕಂಪ್ಯೂಟರ್ ಬೇಡ. ಸರಕು ಹಾಳಾಗುವುದೇ ಹೆಚ್ಚಾದರೆ ದಾಸ್ತಾನು ಮತ್ತು ಅವಧಿಯ ದಿನಾಂಕ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕು.

ಗಿರಾಕಿಗಳು ಕಾದು ಬೇಸತ್ತು ಹೋಗುತ್ತಿದ್ದಾರೆ ಎನಿಸಿದರೆ, ಸ್ಕ್ಯಾನರ್ ಕೊಳ್ಳುವ ಮೊದಲು ಹಬ್ಬದ ಹಿಂದಿನ ಸಂಜೆ ಕೌಂಟರ್ ಬಳಿ ನಿಂತು ನೋಡಿ. ಗಿರಾಕಿ ಕೊಟ್ಟ ಚೀಟಿಯಲ್ಲಿ ತೊಗರಿಬೇಳೆ, ಬೆಲ್ಲ, ಅವಲಕ್ಕಿ, ಒಣಮೆಣಸಿನಕಾಯಿ ಎಂದಿರುತ್ತದೆ. ಹುಡುಗ ಚೀಲಕ್ಕೆ ಕೈಹಾಕಿ, ತೂಗಿ, ಪೊಟ್ಟಣ ಕಟ್ಟುವಷ್ಟರಲ್ಲಿ ಹಿಂದೆ ನಾಲ್ಕು ಜನ ಸೇರಿರುತ್ತಾರೆ. ಬಾರ್‌ಕೋಡ್ ಇರುವುದು ಸೋಪು, ಬಿಸ್ಕತ್ತಿನ ಮೇಲೆ ಮಾತ್ರ. ತಡವಾಗುತ್ತಿರುವುದು ತಕ್ಕಡಿಯ ಬಳಿ, ಬಿಲ್ ಬರೆಯುವಲ್ಲಿ ಅಲ್ಲ. ಇಂಥ ಅಂಗಡಿಗೆ ಲೇಬಲ್ ಮುದ್ರಿಸುವ ತೂಕದ ಯಂತ್ರವೇ ಹೆಚ್ಚು ಉಪಯೋಗ. ವ್ಯಾಪಾರ ಕಡಿಮೆ ಇರುವ ಹೊತ್ತಿನಲ್ಲಿ ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿಟ್ಟರೆ ಸಂಜೆಯ ಸಾಲು ಕರಗುತ್ತದೆ.

ಕಾನೂನು ಕೇಳುವುದೇನು?

ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ವಹಿವಾಟು 1.5 ಕೋಟಿಯೊಳಗಿರುವ ವ್ಯಾಪಾರಿಗಳು ಕಾಂಪೊಸಿಷನ್ ಯೋಜನೆಗೆ ಸೇರಿ ಶೇ 1ರಷ್ಟು ತೆರಿಗೆ ಕಟ್ಟಬಹುದು. ಆದರೆ ಅವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಕೊಡಬೇಕಾದ್ದು ‘ಬಿಲ್ ಆಫ್ ಸಪ್ಲೈ’. ಸಾಫ್ಟ್‌ವೇರ್ ಅದನ್ನು ಮುದ್ರಿಸುತ್ತದೆಯೇ ಎಂದು ಕೇಳಿ. ನೋಂದಣಿ ಆದವರು ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಹೀಗಿರುವಾಗ ಫೋನ್ ಕಳೆದರೆ ಲೆಕ್ಕವೂ ಹೋಗುವ ಆ್ಯಪ್ ನಿಮಗೆ ಬೇಡ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ನೋಟಿಸ್ ಕೊಟ್ಟಾಗ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ‘ಕ್ಯಾಷ್ ಮಾತ್ರ’ ಎಂಬ ಬೋರ್ಡ್ ಬಿತ್ತು. ಆ ಭಯ ಅರ್ಥವಾಗುತ್ತದೆ. ಆದರೂ ಕ್ಯೂಆರ್ ಕಿತ್ತುಹಾಕುವುದು ಪರಿಹಾರವಲ್ಲ ಎಂದೇ ನನ್ನ ಅಭಿಪ್ರಾಯ, ಗಿರಾಕಿಯ ಜೇಬಿನಲ್ಲಿ ನೋಟು ಇರುವುದು ಕಡಿಮೆಯಾಗುತ್ತಿದೆ. ವ್ಯಾಪಾರಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಿರಿ. ನೆಂಟರಿಂದ ಪಡೆದ ಸಾಲ, ಮಗಳು ಕಳಿಸಿದ ಹಣ ಅಂಗಡಿಯ ಕ್ಯೂಆರ್‌ಗೆ ಬರದಿರಲಿ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕಿನ ಮಾರಾಟವನ್ನು ಪ್ರತ್ಯೇಕವಾಗಿ ತೋರಿಸುವ ಸಾಫ್ಟ್‌ವೇರ್ ಆರಿಸಿಕೊಂಡರೆ, ನಾಳೆ ಯಾರಾದರೂ ಕೇಳಿದಾಗ ಉತ್ತರ ಕೈಯಲ್ಲೇ ಇರುತ್ತದೆ.

ಮಾರುವವರಿಗೆ ಕೇಳಿ

ಅವರು ತಂದ ಮಾದರಿ ಬಿಲ್ ನೋಡಿ ಒಪ್ಪಬೇಡಿ. ನಿಮ್ಮ ಅಂಗಡಿಯ ನಿಜವಾದ ಚೀಟಿಯೊಂದನ್ನು ಕೊಟ್ಟು ಅವರಿಂದಲೇ ಬಿಲ್ ಮಾಡಿಸಿ. ಇಂಟರ್‌ನೆಟ್ ಹೋದರೆ ಬಿಲ್ ಆಗುತ್ತದೆಯೇ? ಸರಕಿನ ಹೆಸರು ಕನ್ನಡದಲ್ಲಿ ಬರುತ್ತದೆಯೇ? ಎರಡನೆಯ ವರ್ಷದಿಂದ ಎಷ್ಟು ಕಟ್ಟಬೇಕು? ಕೆಟ್ಟರೆ ಯಾವ ಊರಿನಿಂದ ರಿಪೇರಿಗೆ ಬರುತ್ತಾರೆ? ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಸಾಫ್ಟ್‌ವೇರ್‌ಗೆ ಹೋಗಬೇಕೆನಿಸಿದರೆ ನಿಮ್ಮ ಲೆಕ್ಕವೆಲ್ಲ ಎಕ್ಸೆಲ್ ರೂಪದಲ್ಲಿ ಕೈಗೆ ಸಿಗುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಅಲ್ಲಿಗೇ ನಿಲ್ಲಿಸಿ.

ಕೊಂಡ ಮೇಲೆ ಎಲ್ಲ ಸರಕನ್ನೂ ಒಂದೇ ದಿನ ಏರಿಸಲು ಹೋಗಬೇಡಿ. ಹೆಚ್ಚು ಓಡುವ ನೂರು ಸರಕಿನಿಂದ ಶುರುಮಾಡಿ, ವಾರದ ರಜೆಯ ದಿನ ದಾಸ್ತಾನು ಎಣಿಸಿ. ಕನಿಷ್ಠ ಇಬ್ಬರಿಗಾದರೂ ಕೆಲಸ ಕಲಿಸಿ. ಒಂದು ತಿಂಗಳು ಪುಸ್ತಕ, ಮಷಿನ್ ಎರಡೂ ನಡೆಯಲಿ, ಪ್ರತಿ ರಾತ್ರಿ ಎರಡನ್ನೂ ತಾಳೆ ನೋಡಿ. ಹಳೆಯ ಉದ್ರಿ ಏರಿಸುವಾಗ ಮಾತ್ರ ಅವಸರ ಬೇಡ. ಗಿರಾಕಿ ಬಂದಾಗ ಪುಸ್ತಕ ತೆರೆದು ಬಾಕಿ ತೋರಿಸಿ, ಅವರು ಹೌದೆಂದ ಮೇಲೆಯೇ ಆ ಮೊತ್ತವನ್ನು ಹೊಸ ಲೆಕ್ಕಕ್ಕೆ ಹತ್ತಿಸಿ.