ಹಳೆಯ ನೋಟದ ಹೊಸ ಸರಕು: ವಿಂಟೇಜ್ ಶೈಲಿಯ ಮಿಶ್ರ ಮಾಧ್ಯಮ ಕರಕುಶಲ ವಸ್ತುಗಳ ತಯಾರಿಕೆ

ಗೃಹಾಲಂಕಾರ ವಸ್ತುಗಳ ವ್ಯಾಪಾರದಲ್ಲಿ ಹೊಸ ಸರಕು ಹೊಸದಾಗಿಯೇ ಕಾಣಬೇಕೆಂಬುದು ಸಾಮಾನ್ಯ ನಿಯಮ. ಗೀರು ಬಿದ್ದ ಪೆಟ್ಟಿಗೆಯನ್ನು ಗಿರಾಕಿ ಹಿಂದಿರುಗಿಸುತ್ತಾನೆ. ಬಣ್ಣ ಎದ್ದ ಸ್ಟೂಲನ್ನು ಅಂಗಡಿಯವನು ರಿಯಾಯಿತಿ ದರಕ್ಕೆ ಮಾರಿ ಕೈತೊಳೆದುಕೊಳ್ಳುತ್ತಾನೆ. ಈ ನಿಯಮವನ್ನು ತಲೆಕೆಳಗು ಮಾಡಿದ ಸರಕೊಂದಿದೆ. ಅಂಚು ಸವೆದ ಬಿಳಿಯ ಟ್ರೇ, ಬಿರುಕು ಬಿಟ್ಟ ಬಣ್ಣದ ಚಿತ್ರಚೌಕಟ್ಟು, ಮಾಸಿದ ಕಾಗದ, ಲೇಸು, ಗೋಣಿ ಬಟ್ಟೆ ಮತ್ತು ತುಕ್ಕು ಹಿಡಿದ ಬೀಗದ ಕೈಗಳನ್ನು ಜೋಡಿಸಿದ ಗೋಡೆ ಫಲಕ ಮೊದಲಾದ ಇವೆಲ್ಲ ಕಾರ್ಖಾನೆಯಿಂದ ಹೊಸದಾಗಿ ಹೊರಬಂದವು. ಗ್ರಾಹಕನು ಹಣ ತೆರುವುದು ಮಾತ್ರ ಅವುಗಳ ಹಳತನದ ನೋಟಕ್ಕೆ. ಈ ಶೈಲಿಗೆ ‘ಶಾಬಿ ಶಿಕ್’ ಎಂಬ ಹೆಸರು ರೂಢಿಯಲ್ಲಿದೆ. ಬ್ರಿಟನ್ ಮೂಲದ ರೇಚಲ್ ಆಶ್‌ವೆಲ್ 1989ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ತೆರೆದ ಅಂಗಡಿಯಿಂದ ಈ ಹೆಸರು ಜನಪ್ರಿಯವಾಯಿತು. ಸಂತೆಯಲ್ಲಿ ಕೊಂಡ ಹಳೆಯ ಪೀಠೋಪಕರಣಗಳಿಗೆ ಬಿಳಿ ಬಳಿದು, ಗುಲಾಬಿ ಹೂವಿನ ಬಟ್ಟೆ ಹೊದಿಸಿ ಮಾರುವುದು ಅಲ್ಲಿನ ಕ್ರಮವಾಗಿತ್ತು. ಹಳೆಯ ವಸ್ತುಗಳ ಪೂರೈಕೆಗೆ ಮಿತಿಯಿದ್ದುದರಿಂದ, ಹೊಸದನ್ನೇ ಹಳತಾಗಿಸುವ ಉದ್ಯಮ ಅದರ ಬೆನ್ನಿಗೇ ಬೆಳೆಯಿತು.

ಇದನ್ನು ಪೂರ್ಣವಾಗಿ ಪಾಶ್ಚಾತ್ಯ ಖಯಾಲಿ ಎಂದು ತಳ್ಳಿಹಾಕುವಂತಿಲ್ಲ. ಹದಿನೆಂಟನೆಯ ಶತಮಾನದ ವೆನಿಸ್ ನಗರದಲ್ಲಿ ಪೂರ್ವದೇಶಗಳ ದುಬಾರಿ ಅರಗಿನ ಪೀಠೋಪಕರಣಗಳಿಗೆ ಬದಲಾಗಿ, ಮುದ್ರಿತ ಚಿತ್ರಗಳನ್ನು ಕತ್ತರಿಸಿ ಮರದ ಮೇಲೆ ಅಂಟಿಸಿ ವಾರ್ನಿಷ್ ಹೊಡೆಯುತ್ತಿದ್ದರು. ಇಂದು ‘ಡೆಕೂಪಾಜ್’ ಎನ್ನುವ ಕಾಗದದ ಕೆಲಸಕ್ಕೆ ಅದೂ ಒಂದು ಮೂಲ. ನಮ್ಮಲ್ಲಿಯೂ ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದ ದೇವರ ಪಟಗಳಿಗೆ ಮನೆಯ ಹೆಂಗಸರು ಜರಿ, ಮಣಿ, ಚಮಕಿ ಮತ್ತು ರೇಷ್ಮೆಯ ತುಂಡುಗಳನ್ನು ಹೊಲಿದು ಅಂಟಿಸಿ ಕಟ್ಟು ಹಾಕಿಸುತ್ತಿದ್ದರು. ಮುದ್ರಣ, ಬಟ್ಟೆ ಮತ್ತು ಲೋಹ ಸೇರಿದ ಆ ಪಟಗಳನ್ನು ಮಿಶ್ರ ಮಾಧ್ಯಮದ ಕೆಲಸವೆಂದೇ ಕರೆಯಬೇಕು.

ತಂತ್ರಕ್ಕೆ ಹೋಗುವ ಮುನ್ನ ಹೆಸರಿನ ವಿಚಾರದಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಶಾಬಿ ಶಿಕ್’ ಎಂಬುದು ಅಮೆರಿಕದಲ್ಲಿ ನೋಂದಾಯಿತ ವ್ಯಾಪಾರ ಮುದ್ರೆ. ಆನ್ನಿ ಸ್ಲೋನ್ 1990ರಲ್ಲಿ ರೂಪಿಸಿದ ಬಣ್ಣದ ಹೆಸರಾದ ‘ಚಾಕ್ ಪೇಂಟ್’ ಕೂಡ ಹಾಗೆಯೇ. ಮಾತಿನಲ್ಲಿ ಬಳಸಿದರೆ ಅಡ್ಡಿಯಿಲ್ಲ. ಆದರೆ ರಫ್ತು ಸರಕಿನ ಚೀಟಿ, ಪೆಟ್ಟಿಗೆ ಅಥವಾ ಕ್ಯಾಟಲಾಗಿನಲ್ಲಿ ಈ ಪದಗಳನ್ನು ಸ್ವಂತ ಸರಕಿನ ಹೆಸರಾಗಿ ಅಚ್ಚು ಹಾಕಿಸುವುದು ವ್ಯಾಜ್ಯಕ್ಕೆ ಆಹ್ವಾನ. ‘ಡಿಸ್ಟ್ರೆಸ್ಡ್ ಫಿನಿಶ್’, ‘ವಿಂಟೇಜ್ ಸ್ಟೈಲ್’ ಎಂಬಂಥ ವರ್ಣನಾತ್ಮಕ ಪದಗಳು ಸಾಕು.

ಸವೆತ ಎಲ್ಲಿ ಬೀಳಬೇಕು?

ಕೆಳದರ್ಜೆಯ ಸರಕನ್ನು ಗುರುತಿಸುವುದು ಸುಲಭ. ಅದರಲ್ಲಿ ಮೇಲ್ಮೈಯ ಉದ್ದಗಲಕ್ಕೂ ಉಪ್ಪುಕಾಗದ ಉಜ್ಜಿ ಬಣ್ಣ ಕೆರೆದಿರುತ್ತಾರೆ. ನಿಜವಾಗಿ ಬಳಕೆಯಾದ ವಸ್ತು ಹೀಗೆ ಸವೆಯುವುದಿಲ್ಲ. ಕೈ ಹಿಡಿಯುವ ಜಾಗ, ಹೊರ ಅಂಚು, ಮೂಲೆ, ನೆಲಕ್ಕೆ ತಾಗುವ ತಳ ಮತ್ತು ಮುಚ್ಚಳ ಕೂಡುವ ಗೆರೆ ಸವೆಯುತ್ತವೆ. ಒಳಮೂಲೆ ಮತ್ತು ಕೆತ್ತನೆಯ ಹಳ್ಳಗಳಲ್ಲಿ ಬಣ್ಣ ಉಳಿದು, ಅದರ ಮೇಲೆ ಕೊಳೆ ಕೂರುತ್ತದೆ. ಆದ್ದರಿಂದ ಕೆಲಸಗಾರರನ್ನು ತರಬೇತುಗೊಳಿಸುವಾಗ ಮೊದಲು ತೋರಿಸಬೇಕಾದದ್ದು ಕುಂಚ ಹಿಡಿಯುವ ಬಗೆಯಲ್ಲ, ಮನೆಯಲ್ಲಿ ಇಪ್ಪತ್ತು ವರ್ಷ ಬಳಸಿದ ಒಂದು ಮಣೆಯನ್ನೋ ಮಸಾಲೆ ಡಬ್ಬಿಯನ್ನೋ.

ಇದನ್ನು ಸಾಧಿಸುವ ವಿಧಾನ ಸರಳ. ಮರದ ಮೇಲೆ ಮೊದಲು ಕಂದು ಅಥವಾ ಬೂದು ಬಣ್ಣದ ಅಡಿಲೇಪ ಕೊಟ್ಟು ಒಣಗಿಸಬೇಕು. ಸವೆಯಬೇಕಾದ ಅಂಚುಗಳಿಗೆ ಮಾತ್ರ ಮೇಣದ ಬತ್ತಿಯನ್ನು ಉಜ್ಜಿ, ಇಡೀ ವಸ್ತುವಿಗೆ ಬಿಳಿ ಅಥವಾ ತಿಳಿಯಾದ ಮೇಲ್ಬಣ್ಣ ಬಳಿಯಬೇಕು. ಮೇಣವಿದ್ದಲ್ಲಿ ಮೇಲ್ಬಣ್ಣ ಮರಕ್ಕೆ ಹಿಡಿಯುವುದಿಲ್ಲ. ಒಣಗಿದ ನಂತರ 180 ಅಥವಾ 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಎಳೆದರೆ ಅಲ್ಲಿ ಮಾತ್ರ ಬಣ್ಣ ಕಳಚಿ ಅಡಿಬಣ್ಣ ಇಣುಕುತ್ತದೆ. ಚಾಕಿನಂಥ ಮಂಕು ಬಣ್ಣವನ್ನು ಹೊರಗಿನಿಂದಲೇ ಕೊಳ್ಳಬೇಕೆಂದಿಲ್ಲ. ಮೂರು ಪಾಲು ಮ್ಯಾಟ್ ಎಮಲ್ಷನ್ನಿಗೆ, ನೀರಿನಲ್ಲಿ ಗಂಟಿಲ್ಲದಂತೆ ಕಲಸಿದ ಒಂದು ಪಾಲು ಚಾಕ್ ಪುಡಿ ಬೆರೆಸಿದರೆ ಹತ್ತಿರದ ಫಲ ಸಿಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಆಗಬಹುದು. ಆದರೆ ಅದು ಡಬ್ಬಿಯಲ್ಲಿಯೇ ಗಟ್ಟಿಯಾಗುವುದರಿಂದ ಆ ಹೊತ್ತಿಗೆ ಬೇಕಾದಷ್ಟನ್ನೇ ಕಲಸಬೇಕು.

ಬಿಳಿ ಬಣ್ಣದ ಶತ್ರು ಮರದೊಳಗಿನ ಟ್ಯಾನಿನ್. ನೀರು ಬೆರೆತ ಬಿಳಿ ಬಣ್ಣ ಬಳಿದ ಕೆಲವೇ ದಿನಗಳಲ್ಲಿ ಅದು ಹಳದಿ ಅಥವಾ ಕಂದು ಕಲೆಯಾಗಿ ಮೇಲೇಳುತ್ತದೆ. ಇದಕ್ಕೆ ಪರಿಹಾರ ಹಳೆಯದೇ: ಬಣ್ಣಕ್ಕೆ ಮುನ್ನ ಅರಗಿನ ಪಾಲಿಶ್‌ನ ತೆಳುವಾದ ಒಂದು ಲೇಪ. ಬಿಳಿಯ ಮೇಲೆ ಎಣ್ಣೆ ಆಧಾರಿತ ವಾರ್ನಿಷ್ ಬಳಸಿದರೂ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಹೀಗಾಗಿ ನೀರು ಆಧಾರಿತ ಅಕ್ರಿಲಿಕ್ ಮ್ಯಾಟ್ ವಾರ್ನಿಷ್ ಸೂಕ್ತ. ಮರವು ಹೇಗೂ ಬಣ್ಣದಡಿ ಮರೆಯಾಗುವುದರಿಂದ ಬೀಟೆ, ಶೀಶಮ್‌ಗಳಂಥ ದುಬಾರಿ ಮರಕ್ಕೆ ಇಲ್ಲಿ ಕೆಲಸವಿಲ್ಲ. ಆ ಎರಡೂ ಮರಗಳು 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಒಳಪಟ್ಟಿವೆ. ಮಾವು, ರಬ್ಬರ್ ಮರ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಧಾರಾಳವಾಗಿ ಸಾಲುತ್ತವೆ. ಚನ್ನಪಟ್ಟಣದ ಅರಗಿನ ಸರಕನ್ನು ಉಜ್ಜಿ ಹಳತಾಗಿಸಿ ಮಾರುವ ಯೋಚನೆ ಯಾರಿಗಾದರೂ ಬರಬಹುದು. ಹೊಳಪೇ ಆ ಕಸುಬಿನ ಬೆಲೆಯಾಗಿರುವುದರಿಂದ, ಅದನ್ನು ಕೆರೆಯುವುದು ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಸರಕನ್ನು ಹೆಸರಿಲ್ಲದ ಸರಕಾಗಿ ಇಳಿಸಿದಂತೆ.

ಬಿರುಕು, ಕಾಗದ, ಬಟ್ಟೆ, ಲೋಹ

ಬಿರುಕು ಬಿಟ್ಟ ಬಣ್ಣಕ್ಕೆ ಅಡಿಲೇಪದ ಮೇಲೆ ಫೆವಿಕಾಲ್‌ನಂಥ ಬಿಳಿ ಅಂಟನ್ನು ಹಚ್ಚಿ, ಅದು ಬೆರಳಿಗೆ ಅಂಟಂಟಾಗಿರುವಾಗಲೇ ಮೇಲ್ಬಣ್ಣ ಬಳಿಯಬೇಕು. ಮೇಲಿನ ಪದರ ಬೇಗ ಒಣಗಿ ಕುಗ್ಗುತ್ತದೆ, ಕೆಳಗಿನ ಅಂಟು ಇನ್ನೂ ಜಾರುತ್ತಿರುತ್ತದೆ. ಆ ಎಳೆತಕ್ಕೆ ಬಣ್ಣ ಸೀಳುತ್ತದೆ. ಅಂಟು ದಪ್ಪವಾದಷ್ಟೂ ಬಿರುಕು ಅಗಲ. ಕುಂಚವನ್ನು ಒಮ್ಮೆ ಎಳೆದ ಜಾಗಕ್ಕೆ ಮತ್ತೆ ಎಳೆದರೆ ಅಂಟು ಮತ್ತು ಬಣ್ಣ ಕಲಸಿಹೋಗಿ ಎಲ್ಲವೂ ಹಾಳು. ಮಳೆಗಾಲದ ಕರಾವಳಿಯಲ್ಲಿ ಮೇಲ್ಪದರ ಒಣಗುವುದೇ ತಡವಾಗುವುದರಿಂದ ಬಿರುಕು ಸರಿಯಾಗಿ ಮೂಡುವುದಿಲ್ಲ. ಅಂಥಲ್ಲಿ ಫ್ಯಾನ್ ಇಟ್ಟು ಕೋಣೆಯನ್ನು ಒಣಗಿಸಿಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಬಾರದು.

ಕಾಗದದ ಕೆಲಸದಲ್ಲಿ ಇಂಕ್‌ಜೆಟ್ ಮುದ್ರಣವನ್ನು ಬಿಟ್ಟುಬಿಡುವುದು ಕ್ಷೇಮ. ಅಂಟಿನ ನೀರಿಗೆ ಅದರ ಶಾಯಿ ಹರಡುತ್ತದೆ. ಲೇಸರ್ ಅಥವಾ ಆಫ್‌ಸೆಟ್ ಮುದ್ರಣ ತಡೆಯುತ್ತದೆ. ಚಿತ್ರವಿರುವ ಕೈಕಾಗದ ಬಳಸುವುದಾದರೆ ಅದರ ಮೂರು ಪದರಗಳಲ್ಲಿ ಮೇಲಿನದನ್ನು ಮಾತ್ರ ಬಿಡಿಸಿಕೊಂಡು ಅಂಟಿಸಬೇಕು. ಕಾಗದವನ್ನು ಮಾಸಿದಂತೆ ಮಾಡಲು ಚಹಾ ಕಷಾಯದಲ್ಲಿ ಅದ್ದುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಅದಕ್ಕೆ ಬರಿಯ ಎಲೆಯ ಕಷಾಯ ಬೇಕು. ಸಕ್ಕರೆ ಹಾಲು ಬೆರೆತ ಉಳಿಕೆ ಚಹಾ ಬಳಸಿದರೆ ಗೋದಾಮಿಗೆ ಇರುವೆಗಳೇ ಮೊದಲ ಗಿರಾಕಿಗಳು. ದೊಡ್ಡ ಬೇಡಿಕೆಗೆ ಚಹಾ ಒದಗುವುದಿಲ್ಲ, ಪ್ರತಿ ಸಲವೂ ಬಣ್ಣ ಬೇರೆಯಾಗುತ್ತದೆ. ಅಳತೆಯಿಟ್ಟು ತೆಳುವಾಗಿಸಿದ ಕಂದು ಅಕ್ರಿಲಿಕ್ ಬಣ್ಣ ಹೆಚ್ಚು ನಂಬಿಕೆಯದು.

ಕಬ್ಬಿಣದ ಕೀಲು, ಬಿಲ್ಲೆಗಳಿಗೆ ಉಪ್ಪು ಮತ್ತು ವಿನೆಗರ್ ಹಚ್ಚಿಟ್ಟರೆ ತುಕ್ಕು ಬೇಗ ಬರುತ್ತದೆ. ನಂತರ ತೊಳೆದು, ಒಣಗಿಸಿ, ಲ್ಯಾಕರ್‌ನಿಂದ ಮುಚ್ಚಲೇಬೇಕು. ಮುಚ್ಚದ ತುಕ್ಕು ಪಕ್ಕದ ಲೇಸಿಗೂ ಗ್ರಾಹಕನ ಮೇಜಿನ ಹೊದಿಕೆಗೂ ಹರಡುತ್ತದೆ. ಇಳಕಲ್ ಸೀರೆಯ ಹಳೆಯ ಸೆರಗು, ಹರಿದ ಜರಿ ಅಂಚುಗಳು ಇಂಥ ಫಲಕಗಳಿಗೆ ಒಳ್ಳೆಯ ಕಚ್ಚಾವಸ್ತು. ಅಂಟಿಸುವ ಮೊದಲು ಅವನ್ನು ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು.

ಒಂದು ಮಾದರಿಯಿಂದ ಇನ್ನೂರು ನಗಕ್ಕೆ

ಮನೆಯ ಹವ್ಯಾಸ ಎಲ್ಲಿ ಮುಗಿದು ಉದ್ಯಮ ಎಲ್ಲಿ ಆರಂಭವಾಗುತ್ತದೆ ಎಂಬುದು ಈ ಹಂತದಲ್ಲಿ ತಿಳಿಯುತ್ತದೆ. ಒಬ್ಬ ಕುಶಲಕರ್ಮಿ ಒಂದು ಸುಂದರ ಟ್ರೇ ಮಾಡಿ ಕೊಡುತ್ತಾನೆ, ಖರೀದಿದಾರ ಒಪ್ಪಿ ಇನ್ನೂರಕ್ಕೆ ಬೇಡಿಕೆ ಇಡುತ್ತಾನೆ. ಆರು ಕೈಗಳು ಸೇರಿ ಮಾಡಿದ ಇನ್ನೂರರಲ್ಲಿ ಕೆಲವು ಬೆಂಕಿಯಲ್ಲಿ ಸುಟ್ಟಂತೆ, ಕೆಲವು ನಿನ್ನೆ ಬಳಿದಂತೆ ಕಾಣುತ್ತವೆ. ಮಾದರಿಯಂತಿಲ್ಲವೆಂದು ಸರಕು ತಿರಸ್ಕೃತವಾದರೆ ತಯಾರಕನ ಬಳಿ ವಾದವೇ ಇರುವುದಿಲ್ಲ. ‘ಪ್ರತಿಯೊಂದೂ ಭಿನ್ನವಾಗಿರುವುದೇ ಕೈಕೆಲಸದ ಲಕ್ಷಣ’ ಎಂಬ ಮಾತು ಬೇಡಿಕೆ ಪತ್ರದಲ್ಲಿ ಬರೆದಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ.

ಇದಕ್ಕೆ ಒಂದೇ ಮಾದರಿಯ ಬದಲು ಮೂರನ್ನು ಒಪ್ಪಿಸಿಕೊಳ್ಳುವ ಪದ್ಧತಿ ಅನುಸರಿಸಬೇಕು: ಬೇಕಾದ ನೋಟದ್ದೊಂದು, ಸ್ವೀಕಾರಾರ್ಹವಾದ ಅತಿ ಕಡಿಮೆ ಸವೆತದ್ದೊಂದು, ಅತಿ ಹೆಚ್ಚಿನದ್ದೊಂದು. ಮೂರಕ್ಕೂ ಎರಡೂ ಕಡೆಯವರ ಸಹಿ ಇರಲಿ. ಒಂದು ಜೊತೆ ಖರೀದಿದಾರನಲ್ಲಿ, ಇನ್ನೊಂದು ಕಾರ್ಯಾಗಾರದ ಗೋಡೆಯ ಮೇಲೆ. ಸವೆತದ ಅಂಚುಗಳನ್ನು ಗುರುತಿಸಿದ ಒಂದು ನಕ್ಷೆ, ಬಣ್ಣದ ಅಳತೆ ಹಾಗೂ ಉಪ್ಪುಕಾಗದದ ನಂಬರನ್ನು ಕಾಗದಕ್ಕಿಳಿಸಬೇಕು. ಕೆಲಸವನ್ನು ಟ್ರೇಗಳ ಲೆಕ್ಕದಲ್ಲಿ ಹಂಚದೆ ಹಂತಗಳ ಲೆಕ್ಕದಲ್ಲಿ ಹಂಚುವುದು ಮೇಲು. ಮೇಣ ಉಜ್ಜುವವರು ಮತ್ತು ಅಂಚು ಕೆರೆಯುವವರು ಒಂದು ಬೇಡಿಕೆ ಮುಗಿಯುವವರೆಗೆ ಬದಲಾಗಬಾರದು, ಏಕೆಂದರೆ ನೋಟವನ್ನು ನಿರ್ಧರಿಸುವವರು ಅವರೇ. ಬಣ್ಣ ಬಳಿಯುವವರು ಯಾರಾದರೂ ಆಗಬಹುದು.

ಬೆಲೆ ಕಟ್ಟುವಾಗ ಹೊಸಬರು ಮರೆಯುವುದು ಒಣಗುವ ಜಾಗವನ್ನು. ಐದು ಲೇಪಗಳಿದ್ದು ಪ್ರತಿಯೊಂದಕ್ಕೂ ಒಂದು ದಿನ ಬೇಕೆಂದುಕೊಂಡರೆ, ದಿನಕ್ಕೆ ನಲವತ್ತು ಟ್ರೇ ಹೊರಬರಬೇಕಾದಲ್ಲಿ ಯಾವ ಹೊತ್ತಿಗೂ ಇನ್ನೂರು ಟ್ರೇಗಳು ಹಲಗೆಗಳ ಮೇಲೆ ಕುಳಿತಿರುತ್ತವೆ. ಘಟಕದ ಸಾಮರ್ಥ್ಯವನ್ನು ಆಳುಗಳಿಗಿಂತ ಈ ಹಲಗೆಗಳೇ ನಿರ್ಧರಿಸುತ್ತವೆ. ಮಳೆಗಾಲದಲ್ಲಿ ಒಂದು ದಿನ ಎರಡಾದರೆ ಉತ್ಪಾದನೆ ಅರ್ಧವಾಗುತ್ತದೆ. ವಿತರಣೆಯ ದಿನಾಂಕ ಬರೆದುಕೊಡುವಾಗ ಇದನ್ನು ಲೆಕ್ಕ ಹಾಕಿರಬೇಕು.

ಸೀಸ ಮತ್ತು ಕಾನೂನು

ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ ಬಾಗಿಲು, ಕಿಟಕಿಗಳನ್ನು ಕತ್ತರಿಸಿ ಚೌಕಟ್ಟು, ಫಲಕ ಮಾಡುವವರಿದ್ದಾರೆ. ನಿಜವಾದ ಹಳತನ ಅಗ್ಗಕ್ಕೆ ಸಿಕ್ಕಿತೆಂದು ಅನಿಸುವುದು ಸಹಜ. ಅಪಾಯವಿರುವುದೂ ಅಲ್ಲಿಯೇ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಅದನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಕೆಲಸಗಾರನ ಶ್ವಾಸಕ್ಕೂ, ಬಟ್ಟೆಯೊಡನೆ ಅವನ ಮನೆಗೂ ಸೇರುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಸರಿಪಡಿಸಲಾಗದ್ದು. ಪರೀಕ್ಷೆ ಮಾಡಿಸದ ಹಳೆಯ ಬಣ್ಣದ ಮರವನ್ನು ಉಜ್ಜುವ ಕೋಣೆಗೆ ತರದಿರುವುದೇ ಸರಿ. ಅಮೆರಿಕದಲ್ಲಿ ಗ್ರಾಹಕ ಬಳಕೆಯ ಬಣ್ಣ, ಆಟಿಕೆ ಹಾಗೂ ಕೆಲವು ಪೀಠೋಪಕರಣಗಳ ಲೇಪದಲ್ಲಿ ಸೀಸದ ಮಿತಿ 2009ರ ಆಗಸ್ಟ್‌ನಿಂದ ಹತ್ತು ಲಕ್ಷಕ್ಕೆ 90 ಪಾಲು. ಭಾರತದಲ್ಲಿ 2016ರ ನಿಯಮಗಳು ಅದೇ ಮಿತಿಯನ್ನು 2017ರ ನವೆಂಬರ್‌ನಿಂದ ಜಾರಿಗೆ ತಂದವು. ಆದರೆ ಅವು ಅನ್ವಯವಾಗುವುದು ಗೃಹ ಮತ್ತು ಅಲಂಕಾರಿಕ ಬಣ್ಣಗಳಿಗೆ. ಕೈಗಾರಿಕಾ ಬಳಕೆಯ ಎನಾಮಲ್ ಡಬ್ಬಿಯನ್ನು ಅಗ್ಗವೆಂದು ಕೊಂಡು ಟ್ರೇಗೆ ಬಳಿದವನಿಗೆ ಆ ರಕ್ಷಣೆಯಿಲ್ಲ. ಬಣ್ಣ ಪೂರೈಸುವವರಿಂದ ಲಿಖಿತ ಪ್ರಮಾಣಪತ್ರ ಪಡೆಯಬೇಕು.

ಹಳೆಯ ವಸ್ತುವಿನ ರಫ್ತಿಗೆ 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿಗಳ ಕಾಯ್ದೆಯ ತಡೆಯೂ ಇದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಕೆತ್ತನೆ, ಕರಕುಶಲ ವಸ್ತುಗಳು ಅದರ ವ್ಯಾಪ್ತಿಗೆ ಬರಬಹುದು. ಅನುಮಾನವಿದ್ದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದು ಕಳಿಸಬೇಕು. ಹೊಸ ಸರಕು ಬಹಳ ಚೆನ್ನಾಗಿ ಹಳತಾಗಿ ಕಂಡರೆ ಸುಂಕ ಕಟ್ಟೆಯಲ್ಲಿ ಅದಕ್ಕೂ ಇದೇ ಪ್ರಶ್ನೆ ಏಳಬಹುದು. ತಯಾರಿಯ ಹಂತಗಳ ಛಾಯಾಚಿತ್ರಗಳನ್ನು ದಿನಾಂಕ ಸಹಿತ ಇಟ್ಟುಕೊಂಡಿದ್ದರೆ ಆಗ ಉಪಯೋಗಕ್ಕೆ ಬರುತ್ತವೆ. ಇದಕ್ಕೆ ವಿರುದ್ಧವಾದ ತಪ್ಪು, ಹೊಸದನ್ನು ‘ಆಂಟಿಕ್’ ಎಂದು ಮಾರುವುದು. ಅದು ಗ್ರಾಹಕರಿಗೆ ಮಾಡಿದ ವಂಚನೆಯೆಂದೇ ಪರಿಗಣಿತವಾಗುತ್ತದೆ. ಬಿಲ್ಲಿನಲ್ಲಿಯೂ ಚೀಟಿಯಲ್ಲಿಯೂ ‘ವಿಂಟೇಜ್ ಶೈಲಿ, ಹೊಸ ತಯಾರಿಕೆ’ ಎಂದಿರಲಿ.

ಅಂಟಿಸುವ ಚಿತ್ರಗಳ ಹಕ್ಕನ್ನೂ ನೋಡಬೇಕು. ಭಾರತದಲ್ಲಿ ಚಿತ್ರಕಾರನ ಮರಣಾನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯವಿರುತ್ತದೆ. ರವಿವರ್ಮರು ತೀರಿಕೊಂಡದ್ದು 1906ರಲ್ಲಿ, ಹೀಗಾಗಿ ಅವರ ಚಿತ್ರಗಳಿಗೆ ತಡೆಯಿಲ್ಲ. ಹಳೆಯ ಬೆಂಕಿಪೊಟ್ಟಣ, ಸಾಬೂನು, ಬೀಡಿ ಚೀಟಿಗಳ ವಿಷಯ ಬೇರೆ. ಮೈಸೂರು ಸ್ಯಾಂಡಲ್ ಸಾಬೂನಿನಂತೆ ನೂರು ವರ್ಷ ದಾಟಿದರೂ ಬಳಕೆಯಲ್ಲಿರುವ ಮುದ್ರೆಗಳು ಕಾನೂನಿನ ದೃಷ್ಟಿಯಲ್ಲಿ ಜೀವಂತ. ಅನುಮತಿಯಿಲ್ಲದೆ ಟ್ರೇ ಮೇಲೆ ಅಂಟಿಸಿ ಮಾರುವಂತಿಲ್ಲ.

ಕೊನೆಯದಾಗಿ ಕಟ್ಟುವ ಕೆಲಸ. ಮೇಣದ ಮೇಲ್ಮೆರುಗು ಕೊಟ್ಟ ಸರಕು ಹಡಗಿನ ಕಂಟೇನರಿನ ಬಿಸಿಗೆ ಮೆದುವಾಗಿ ಸುತ್ತಿದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಗುಳ್ಳೆಗಳ ಅಚ್ಚನ್ನು ತನ್ನ ಮೇಲೆ ಉಳಿಸಿಕೊಳ್ಳುತ್ತದೆ. ವಾರ್ನಿಷ್ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬಿಟ್ಟು, ಮೊದಲು ತೆಳುಕಾಗದ ಸುತ್ತಿ, ಅದರ ಮೇಲೆ ಗುಳ್ಳೆ ಹಾಳೆ ಹೊದಿಸಬೇಕು. ಮರದ ಪೆಟ್ಟಿಗೆ ಅಥವಾ ಪ್ಯಾಲೆಟ್ ಬಳಸಿದಲ್ಲಿ ಅದರ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಕಾದಿದ್ದು, ಅದರ ಮುದ್ರೆಯಿರಬೇಕು. ಸರಕಿಗೆ ಎಷ್ಟೇ ಎಚ್ಚರ ವಹಿಸಿದ್ದರೂ ಪ್ಯಾಲೆಟ್ಟಿನ ಮುದ್ರೆ ಇಲ್ಲದ ಕಾರಣಕ್ಕೆ ಬಂದರಿನಲ್ಲಿ ಇಡೀ ಕಂಟೇನರ್ ತಡೆಹಿಡಿಯಲ್ಪಡಬಹುದು.