ನಾಯಿಮರಿಗೆ ಮೊದಲ ಪಾಠ: ಬೊಗಳಿದರೆ ಏನೂ ಸಿಗದು, ಸುಮ್ಮನಿದ್ದರೆ ಎಲ್ಲವೂ ಸಿಗುವುದು



ಹಾಲಿನ ಪತ್ರಿಕೆಯಲ್ಲಿ ನಾಯಿಯ ವಿಚಾರ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಾಂಬಳ್ಳಿ ಸುತ್ತಮುತ್ತ ಹಸು ಕಟ್ಟಿದ ಮನೆಗಳಲ್ಲಿ ನಾಯಿ ಇಲ್ಲದ ಮನೆ ಕಡಿಮೆ. ರಾತ್ರಿ ಕೊಟ್ಟಿಗೆ ಕಾಯಲು ಅದು ಬೇಕು. ಬಿಳಿಗಿರಿರಂಗನ ಬೆಟ್ಟದಂಚಿನ ಊರುಗಳಲ್ಲಂತೂ ಚಿರತೆ ಬಂದಿತೆಂದು ಮೊದಲು ತಿಳಿಸುವುದೇ ನಾಯಿ. ಆದರೆ ಮರಿಯಿದ್ದಾಗ ಕಲಿಸಬೇಕಾದದ್ದನ್ನು ಕಲಿಸದಿದ್ದರೆ ಅದೇ ನಾಯಿಯಿಂದ ಹಾಲೂ ಕಡಿಮೆಯಾಗುತ್ತದೆ, ಮನೆಯ ನೆಮ್ಮದಿಯೂ ಕೆಡುತ್ತದೆ. ನಾನು ಕಂಡ ಒಂದು ಪ್ರಸಂಗದಿಂದಲೇ ಶುರು ಮಾಡುತ್ತೇನೆ.

ಬೆಳಗ್ಗೆ ಮಾತ್ರ ಹಾಲು ಕಡಿಮೆ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬರು ಕರೆ ಮಾಡಿದರು. "ಡಾಕ್ಟ್ರೇ, ಹಸ ಹೊತ್ತಾರೆ ಹಾಲು ಇಳಿಸ್ತಿಲ್ಲ. ಐದು ಲೀಟರ್ ಕೊಡ್ತಿದ್ದುದು ಮೂರೂವರೆಗೆ ಬಂದದೆ. ವಸಿ ಬಂದು ನೋಡಿ" ಎಂದರು. ಎರಡನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು. ಹೋಗಿ ನೋಡಿದೆ. ಕೆಚ್ಚಲು ಮೆದುವಾಗಿತ್ತು, ಹಾಲಿನ ಪರೀಕ್ಷೆಯಲ್ಲಿ ಕೆಚ್ಚಲು ಬಾವಿನ ಲಕ್ಷಣ ಕಾಣಲಿಲ್ಲ. ಜ್ವರವಿಲ್ಲ, ಮೇವು ಹಿಂಡಿಯಲ್ಲಿ ಬದಲಾವಣೆಯಿಲ್ಲ. ಸಂಜೆ ಹಾಲು ಎಂದಿನಂತೆಯೇ ಇದೆ ಎಂದರು. ರೋಗವಾಗಿದ್ದರೆ ಹೊತ್ತು ನೋಡಿಕೊಂಡು ಬರುವುದಿಲ್ಲ. ಹಾಗಾಗಿ ಮರುದಿನ ಬೆಳಗ್ಗೆ ಐದೂವರೆಗೆ ಹೋಗಿ ಜಗಲಿಯಲ್ಲಿ ಕುಳಿತೆ.

ಆ ತಾಯಿ ಪಾತ್ರೆ ಹಿಡಿದು ಹಸುವಿನ ಪಕ್ಕ ಕೂತರೋ ಇಲ್ಲವೋ, ನಾಲ್ಕು ತಿಂಗಳ ನಾಯಿಮರಿಯೊಂದು ಓಡಿಬಂದು ಅವರ ಬೆನ್ನಿಗೆ ಹಾರಿತು. "ಥೂ, ಹೋಗಾಚೆ" ಎಂದು ಮೊಣಕೈಯಲ್ಲಿ ತಳ್ಳಿದರು. ಅದು ಸೆರಗು ಕಚ್ಚಿ ಎಳೆಯಿತು. ಮತ್ತೆ ಬೈದರು. ಅದು ಬೊಗಳತೊಡಗಿತು. ಹಸು ಕಿವಿ ನಿಮಿರಿಸಿ ತಿರುಗಿ ನೋಡಿತು, ಕಾಲು ಎತ್ತಿಟ್ಟಿತು. ಕೊನೆಗೆ ಅವರು ಬೇಸತ್ತು ತೆಂಗಿನ ಚಿಪ್ಪಿಗೆ ಒಂದಿಷ್ಟು ಹಾಲು ಕರೆದು ಮರಿಯ ಮುಂದಿಟ್ಟರು. ಮರಿ ಸುಮ್ಮನಾಯಿತು. ಅಷ್ಟರಲ್ಲಿ ಹಸು ಹಾಲು ಏರಿಸಿಕೊಂಡಾಗಿತ್ತು.

ಸಂಜೆ ಹೊತ್ತು ಮೊಮ್ಮಗ ಮರಿಯನ್ನು ಆಟಕ್ಕೆ ಕರೆದೊಯ್ಯುತ್ತಿದ್ದ. ಸಂಜೆಯ ಹಾಲು ಸರಿಯಾಗಿದ್ದ ಗುಟ್ಟು ಅದು. ಇಷ್ಟರಲ್ಲಿ ಮನೆಯ ಮಗ ಒಂದು ತೀರ್ಮಾನಕ್ಕೆ ಬಂದಿದ್ದರು: ಬರುವ ಸಂತೆ ದಿನ ಮರಿಯನ್ನು ಚೀಲದಲ್ಲಿ ಹಾಕಿ ದೂರ ಬಿಟ್ಟುಬರುವುದು. ನಾನು ಮೂರು ವಾರ ಗಡುವು ಕೇಳಿಕೊಂಡೆ.

ಹಸು ಹಾಲು ಏರಿಸಿಕೊಳ್ಳುವುದು ಹೇಗೆ?

ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಚೋದಕ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಸುಮಾರು ಒಂದು ನಿಮಿಷದಲ್ಲಿ ಅದು ಕೆಚ್ಚಲು ತಲುಪಿ ಹಾಲನ್ನು ಇಳಿಸುತ್ತದೆ. ಇದರ ಪ್ರಭಾವ ಐದಾರು ನಿಮಿಷವಷ್ಟೇ. ಆ ಹೊತ್ತಿನಲ್ಲಿ ಹಸು ಬೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ಚೋದಕ ಬಿಡುಗಡೆಯಾಗಿ ಮೊದಲನೆಯದರ ಕೆಲಸಕ್ಕೆ ಅಡ್ಡಬರುತ್ತದೆ. ಆಮೇಲೆ ಎಷ್ಟು ಎಳೆದರೂ ಹಾಲು ಪೂರ್ತಿ ಬರುವುದಿಲ್ಲ. ಹೀಗೆ ದಿನವೂ ಹಾಲು ಕೆಚ್ಚಲಲ್ಲೇ ಉಳಿದರೆ ಇಳುವರಿ ಇಳಿಯುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಆದ್ದರಿಂದ ಕರೆಯುವ ಹತ್ತು ನಿಮಿಷ ಕೊಟ್ಟಿಗೆ ಶಾಂತವಾಗಿರಬೇಕು.

ಮರಿಗೆ ಹಟ ಕಲಿಸಿದವರು ಯಾರು?

ಮರಿ ಕೆಟ್ಟದ್ದಲ್ಲ. ಅದು ಲೆಕ್ಕ ಹಾಕಿತು ಅಷ್ಟೆ: ಹಾರಿದರೆ ಅವ್ವ ಮುಟ್ಟುತ್ತಾಳೆ, ಸೆರಗು ಎಳೆದರೆ ಮಾತಾಡಿಸುತ್ತಾಳೆ, ಬೊಗಳಿದರೆ ಹಾಲು ಕೊಡುತ್ತಾಳೆ. ನಮಗೆ ಅದು ತಳ್ಳುವುದು, ಬೈಯುವುದು. ಮರಿಗೆ ಅದು ಆಟ, ಮಾತು. ತನ್ನ ಕಡೆ ಯಾರೂ ನೋಡದೆ ಇರುವುದಕ್ಕಿಂತ ಬೈಸಿಕೊಳ್ಳುವುದೇ ಎಷ್ಟೋ ಮರಿಗಳಿಗೆ ಇಷ್ಟ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಒಂದು ದಿನ ಕೊಟ್ಟು ಇನ್ನೊಂದು ದಿನ ಕೊಡದಿದ್ದರೆ ಹಟ ಕಡಿಮೆಯಾಗುವುದಿಲ್ಲ, ಗಟ್ಟಿಯಾಗುತ್ತದೆ. ಇಸ್ಪೀಟು ಆಡುವವನನ್ನು ನೋಡಿ. ಒಂದೊಂದು ಸಲ ಗೆಲ್ಲುತ್ತಾನೆ ಎಂಬ ಕಾರಣಕ್ಕೇ ಸೋತರೂ ಏಳುವುದಿಲ್ಲ. ಮನೆಯಲ್ಲಿ ನಾಲ್ಕು ಜನ ಸುಮ್ಮನಿದ್ದು ಐದನೆಯವರು ಗುಟ್ಟಾಗಿ ಮುದ್ದೆ ಚೂರು ಹಾಕಿದರೆ ಆಗುವುದೂ ಇದೇ.

ಮೊದಲು ಇದನ್ನು ನೋಡಿಕೊಳ್ಳಿ

ಎಲ್ಲ ಬೊಗಳುವಿಕೆಯೂ ಹಟವಲ್ಲ. ಮರಿಗೆ ಹಸಿವೆ, ಬಾಯಾರಿಕೆ, ಚಳಿ ಇದೆಯೇ? ಉಚ್ಚೆಗೆ ಹೋಗಬೇಕಿದೆಯೇ? ಮೈಯಲ್ಲಿ ಚಿಗಟ, ಉಣ್ಣೆ, ಹೊಟ್ಟೆಯಲ್ಲಿ ಜಂತುಹುಳು ಇವೆಯೇ? ಗಾಯವಿದೆಯೇ? ಎರಡು ತಿಂಗಳು ತುಂಬುವ ಮೊದಲೇ ತಾಯಿಯಿಂದ ಬಿಡಿಸಿ ತಂದ ಮರಿಗೆ ಅಂಜಿಕೆ ಹೆಚ್ಚು, ಕಚ್ಚಾಟದ ಹದವೂ ತಿಳಿದಿರುವುದಿಲ್ಲ. ಇವನ್ನೆಲ್ಲ ಸರಿಪಡಿಸಿದ ಮೇಲೆ ಉಳಿಯುವುದು ಹಟ. ಅದಕ್ಕೆ ಮುಂದಿನ ಪಾಠ.

ಮನೆಯಲ್ಲಿ ಮಾಡಬೇಕಾದ ಕ್ರಮ

1. ಮನೆಯವರೆಲ್ಲ ಒಂದೇ ಮಾತಿಗೆ ಬನ್ನಿ. ಮಕ್ಕಳು, ಅಜ್ಜ, ಅಜ್ಜಿ ಎಲ್ಲರೂ. ಹಾರಿದಾಗ, ಬೊಗಳಿದಾಗ ಯಾರೂ ಏನೂ ಕೊಡಕೂಡದು.

2. ಮರಿ ಮೈಮೇಲೆ ಹಾರಿದರೆ ಮುಟ್ಟಬೇಡಿ, ಮಾತಾಡಬೇಡಿ, ಅದರ ಕಣ್ಣು ನೋಡಬೇಡಿ. ಕೈ ಕಟ್ಟಿ ಬೇರೆ ಕಡೆ ತಿರುಗಿ ನಿಲ್ಲಿ.

3. ನಾಲ್ಕೂ ಕಾಲು ನೆಲಕ್ಕೆ ಬಂದ ಕೂಡಲೇ "ಭೇಷ್" ಎಂದು ಒಂದು ಚೂರು ತಿಂಡಿ ಕೊಡಿ. ಹೆಸರುಕಾಳಿನಷ್ಟು ಮುದ್ದೆ ಚೂರು, ಬೇಯಿಸಿದ ಮೊಟ್ಟೆಯ ತುಣುಕು ಸಾಕು. ಎರಡು ಕ್ಷಣದೊಳಗೆ ಕೊಡಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ.

4. "ಕೂರು" ಎಂಬ ಒಂದು ಮಾತು ಕಲಿಸಿ. ತಿಂಡಿಯನ್ನು ಮೂಗಿನ ಬಳಿ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ಯಿರಿ. ಮೂಗು ಮೇಲೆ ಹೋದರೆ ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ತಾಗಿದಾಗ ಕೊಡಿ. ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಐದೇ ನಿಮಿಷ. ಊಟದ ತಟ್ಟೆ ಇಡುವಾಗ, ಬಾಗಿಲು ತೆಗೆಯುವಾಗ, ಹಗ್ಗ ಬಿಚ್ಚುವಾಗ ಕೂತರೆ ಮಾತ್ರ ಮುಂದಿನ ಕೆಲಸ.

5. ಸುಮ್ಮನೆ ಮಲಗಿರುವಾಗ ಹೋಗಿ ತಲೆ ಸವರಿ. ನಾವು ಮರೆಯುವುದು ಇದನ್ನೇ. ಸುಮ್ಮನಿದ್ದಾಗ ಯಾರೂ ತಿರುಗಿ ನೋಡದಿದ್ದರೆ ಮರಿ ಸುಮ್ಮನೆ ಯಾಕಿರಬೇಕು?

6. ಹಾಲು ಕರೆಯುವ ಮೊದಲು ಮರಿಯನ್ನು ಹತ್ತು ನಿಮಿಷ ಆಡಿಸಿ, ಉಚ್ಚೆ ಮಾಡಿಸಿ. ಆಮೇಲೆ ಕೊಟ್ಟಿಗೆ ಕಾಣದ ಜಾಗದಲ್ಲಿ ಚೀಲ ಹಾಸಿ ಕಟ್ಟಿ, ಕಡಿಯಲು ಒಣ ತೆಂಗಿನ ಸಿಪ್ಪೆಯನ್ನೋ ಗಂಟು ಹಾಕಿದ ಹಳೇ ಬಟ್ಟೆಯನ್ನೋ ಕೊಡಿ. ಚೂರು ನುಂಗುತ್ತಿದ್ದರೆ ತೆಗೆದುಬಿಡಿ. ನಾಲ್ಕರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದರಿಂದ ಅದಕ್ಕೆ ಏನಾದರೂ ಕಡಿಯಲೇಬೇಕು. ನೀವು ಕೊಡದಿದ್ದರೆ ಚಪ್ಪಲಿ, ಕಣ್ಣಿಹಗ್ಗ, ಹಾಲು ಸೋಸುವ ಬಟ್ಟೆ ಅದರ ಪಾಲಾಗುತ್ತವೆ.

7. ಆಟದಲ್ಲಿ ಕೈ ಕಚ್ಚಿದರೆ ಆಟ ಅಲ್ಲಿಗೆ ಮುಗಿಯಿತು. ಎದ್ದು ಹೋಗಿ, ಅರ್ಧ ನಿಮಿಷ ಬಿಟ್ಟು ಬನ್ನಿ. ಕೈ ಬೆರಳು ಆಟದ ಸಾಮಾನಲ್ಲ ಎಂದು ಮಕ್ಕಳಿಗೂ ಹೇಳಿ.

8. ಕರುವಿನ ಹಿಂಗಾಲಿಗೆ ಬೀಳುವ ಮರಿಯನ್ನು ನೋಡಿ ನಗಬೇಡಿ. ಓಡಿಸುವ ಆಟದ ರುಚಿ ಹತ್ತಿದರೆ ಬಿಡಿಸುವುದು ಕಷ್ಟ. ಹಗ್ಗ ಹಿಡಿದು ದನಗಳಿಂದ ದೂರದಲ್ಲಿ ಕೂರಿಸಿ, ನಿಮ್ಮ ಕಡೆ ನೋಡಿದಾಗಲೆಲ್ಲ ಚೂರು ಕೊಡಿ. ದಿನಕ್ಕೆ ಒಂದೆರಡು ಹೆಜ್ಜೆ ಹತ್ತಿರ ಹೋಗಿ.

ಮೂರನೇ ದಿನ ಕೈಬಿಡಬೇಡಿ

ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಹಟಕ್ಕೆ ಸಿಗುತ್ತಿದ್ದದ್ದು ನಿಂತಾಗ ಮೊದಲು ಹಟ ಹೆಚ್ಚುತ್ತದೆ. ನಿನ್ನೆವರೆಗೆ ಬೊಗಳಿದರೆ ಹಾಲು ಸಿಗುತ್ತಿತ್ತು, ಇಂದು ಸಿಗಲಿಲ್ಲ. ಇನ್ನೂ ಜೋರಾಗಿ ಬೊಗಳಬೇಕೇನೋ ಎಂದು ಮರಿ ಪ್ರಯತ್ನಿಸುತ್ತದೆ. ಆ ತಾಯಿ ಮೂರನೇ ದಿನ ಫೋನ್ ಮಾಡಿ, "ನಿಮ್ಮ ಮಾತು ಕೇಳಿ ಅಕ್ಕಪಕ್ಕದೋರಿಗೂ ನಿದ್ದೆ ಇಲ್ದಂಗಾಯ್ತು" ಎಂದರು. "ಅಮ್ಮಾ, ಇವತ್ತು ಕೊಟ್ಟರೆ ಇಷ್ಟು ಜೋರಾಗಿ ಬೊಗಳಿದರೇ ಸಿಗುತ್ತದೆ ಎಂದು ಕಲಿಯುತ್ತದೆ. ಇನ್ನೊಂದು ವಾರ ತಡೆದುಕೊಳ್ಳಿ" ಎಂದೆ. ಬೇಸರದಿಂದಲೇ ಒಪ್ಪಿದರು.

ಹೊಡೆತದಿಂದ ಆಗುವುದೇನು?

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ರೈತರೊಬ್ಬರು ಇಂಥದೇ ಮರಿಯ ಬಗ್ಗೆ ಕೇಳಿದರು. ನಾನು ಅವಸರದಲ್ಲಿ, "ಗದರಿಸಿ, ಕಟ್ಟಿಹಾಕಿ, ಸರಿಹೋಗುತ್ತದೆ" ಎಂದುಬಿಟ್ಟೆ. ಅವರು ಕಟ್ಟಿದರು, ಹೊಡೆದರು. ಗಿಡ್ಡ ಸರಪಳಿಯಲ್ಲೇ ಅದು ದೊಡ್ಡದಾಯಿತು. ಮನುಷ್ಯರ ಕೈ ಮೇಲೆದ್ದರೆ ಏಟು ಬೀಳುತ್ತದೆ ಎಂಬುದೊಂದನ್ನೇ ಕಲಿತಿತ್ತು. ಒಂದು ದಿನ ತಟ್ಟೆ ಎತ್ತಲು ಕೈ ಚಾಚಿದ ಆ ಮನೆಯ ಹುಡುಗಿಯ ಕೈಗೇ ಬಾಯಿ ಹಾಕಿತು. ನಾಯಿಗೆ ಲಸಿಕೆ ಆಗಿರಲಿಲ್ಲ. ಮಗುವಿಗೆ ಎಲ್ಲ ಚುಚ್ಚುಮದ್ದು ಹಾಕಿಸಿದರು, ಮಗು ಚೆನ್ನಾಗಿದೆ. ಆದರೆ ಆ ದಿನಗಳಲ್ಲಿ ಆ ಮನೆಯವರು ಪಟ್ಟ ಭಯಕ್ಕೆ ನನ್ನ ಒಂದು ಮಾತೂ ಕಾರಣ. ಅಂದಿನಿಂದ "ಕಟ್ಟಿಹಾಕಿ" ಎಂದಷ್ಟೇ ಹೇಳಿ ಎದ್ದು ಬರುವುದಿಲ್ಲ.

ಹೊಡೆತ ಮರಿಗೆ ಏನು ಮಾಡಬಾರದು ಎಂದೂ ಸರಿಯಾಗಿ ಕಲಿಸದು, ಏನು ಮಾಡಬೇಕು ಎಂದಂತೂ ಕಲಿಸದು. ಮನೆಯೊಳಗೆ ಉಚ್ಚೆ ಮಾಡಿತೆಂದು ಮೂತಿ ತಿಕ್ಕುವುದೂ ಹಾಗೆಯೇ. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಡಿದ ಮೇಲೆ ಹಿತ್ತಲಿಗೆ ಕರೆದೊಯ್ದು, ಮಾಡಿದಾಗ ಶಹಬ್ಬಾಸ್ ಹೇಳಿದರೆ ತಾನಾಗಿ ರೂಢಿಯಾಗುತ್ತದೆ. ಸದಾ ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ತಪ್ಪು ಕೂಡ. ಕಾಡಂಚಿನವರು ರಾತ್ರಿ ಹೊರಗೆ ಬಯಲಲ್ಲಿ ಕಟ್ಟಬೇಡಿ. ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು, ಆ ರುಚಿಗೆ ಬಂದ ಚಿರತೆ ಮುಂದೆ ನಿಮ್ಮ ಕರುವಿನ ಕಡೆಗೂ ನೋಡುತ್ತದೆ.

ತಾಳ್ಮೆಯಿಂದ ಕಲಿಸಿದರೆ ನಾಯಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ರಾಣಾ ಎಂಬ ಜರ್ಮನ್ ಶೆಫರ್ಡ್ ನಾಯಿ ಹುಲಿಯ ಜಾಡು ಹಿಡಿಯುವುದರಲ್ಲಿ ಹೆಸರಾಗಿತ್ತು. ಅದು ಈಗ ತೀರಿಕೊಂಡಿದೆ. ನಮ್ಮ ಮನೆಯ ನಾಯಿ ಹುಲಿ ಹುಡುಕಬೇಕಿಲ್ಲ, ಹಾಲು ಕರೆಯುವಾಗ ಹತ್ತು ನಿಮಿಷ ಸುಮ್ಮನೆ ಕೂತರೆ ಸಾಕು. ಅದಕ್ಕೆ ಜಾತಿನಾಯಿಯೇ ಬೇಕಿಲ್ಲ, ನಾಟಿ ಮರಿಯೂ ಕಲಿಯುತ್ತದೆ.

ಆರೋಗ್ಯ: ನಾಯಿಗೂ, ಹಸುವಿಗೂ, ಮನೆಯವರಿಗೂ

• ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರು ಮಾಡಿ, ಮುಂದಿನ ವರಸೆಗಳನ್ನು ತಪ್ಪಿಸಬೇಡಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಒಂದು ತಿಂಗಳೊಳಗೆ ಮತ್ತೊಮ್ಮೆ, ಆಮೇಲೆ ಪ್ರತಿ ವರ್ಷ.

• ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಜಂತುಹುಳು ಔಷಧಿ. ತೂಕ ನೋಡಿ ಪಶುವೈದ್ಯರು ಹೇಳಿದಷ್ಟೇ ಕೊಡಿ.

• ಗೋದಲಿ, ಹುಲ್ಲಿನ ಮೆದೆ, ಹಿಂಡಿ ಮೂಟೆಯ ಮೇಲೆ ನಾಯಿ ಮಲಗಲು, ಹೇಲಲು ಬಿಡಬೇಡಿ. ನಾಯಿಯ ಹೇಲಿನಿಂದ ನಿಯೋಸ್ಪೊರ ಎಂಬ ಪರಾವಲಂಬಿ ಮೇವು ಸೇರಿದರೆ ಗಬ್ಬದ ಹಸು ಕಂದು ಹಾಕಬಹುದು. ಬಿದ್ದ ಕಂದು, ಸತ್ತೆ, ಹಸಿ ಮಾಂಸದ ಕರುಳು ನಾಯಿಗೆ ಹಾಕಬೇಡಿ. ಆಳವಾಗಿ ಹೂಳಿ.

• ನಾಯಿ ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತಬೇಡಿ. ಹುಚ್ಚುನಾಯಿ ರೋಗದ ಲಕ್ಷಣ ಕಂಡ ಮೇಲೆ ಉಳಿಸುವ ಮದ್ದಿಲ್ಲ. ಹಸುವನ್ನು ಕಚ್ಚಿದರೂ ತಡಮಾಡದೆ ನಮಗೆ ತಿಳಿಸಿ.

ಕೊನೆಗೆ ಏನಾಯಿತು?

ಆ ಮನೆಯ ಮರಿ ಎರಡನೇ ವಾರಕ್ಕೆ ಬೊಗಳುವುದನ್ನು ಕಡಿಮೆ ಮಾಡಿತು. ನಡುವೆ ಒಂದು ದಿನ ಅಜ್ಜ ಕನಿಕರಪಟ್ಟು ಹಾಲು ಕೊಟ್ಟು, ಎರಡು ದಿನ ಹಿಂದಕ್ಕೆ ಹೋಯಿತು. ನಾಲ್ಕನೇ ವಾರ ಹೋದಾಗ ಹಿತ್ತಲ ಬಾಗಿಲ ಬಳಿ ಚೀಲದ ಮೇಲೆ ಕೂತು ಬಾಲ ಆಡಿಸುತ್ತಿತ್ತು. ಕರೆಯುವುದು ಮುಗಿದು, ಪಾತ್ರೆ ಎತ್ತಿಟ್ಟ ಮೇಲೆ ಆ ತಾಯಿ ಚಿಪ್ಪಿನಲ್ಲಿ ಹಾಲು ತಂದು "ಕೂರು" ಎಂದರು. ಅದೇ ಹಾಲು, ಅದೇ ಚಿಪ್ಪು. ಆದರೆ ಈಗ ಸಿಗುತ್ತಿದ್ದದ್ದು ಸುಮ್ಮನಿದ್ದುದಕ್ಕೆ. ಬೆಳಗಿನ ಹಾಲು ಐದು ಲೀಟರಿನ ಹತ್ತಿರಕ್ಕೆ ಬಂದಿತ್ತು. ಸಂತೆಗೆಂದು ತೆಗೆದಿಟ್ಟಿದ್ದ ಚೀಲವೇ ಈಗ ಮರಿಯ ಹಾಸಿಗೆ ಎಂದು ಮಗ ನಗುತ್ತಾ ಹೇಳಿದರು.

ಬಿಟ್ಟುಬಂದ ಮರಿ ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಊರಿನ ಬೀದಿನಾಯಿಯಾಗಿ, ಲಸಿಕೆಯಿಲ್ಲದೆ, ಯಾರದೋ ಮಗುವಿನ ದಾರಿಗೆ ಬರುತ್ತದೆ. ಮರಿ ತರುವ ಮೊದಲು ಯೋಚಿಸಿ. ತಂದ ಮೇಲೆ ಮೂರು ವಾರ ತಾಳ್ಮೆಯಿಂದ ಕಲಿಸಿ. ಮುಂದಿನ ಹತ್ತು ವರ್ಷ ಅದು ನಿಮ್ಮ ಕೊಟ್ಟಿಗೆ ಕಾಯುತ್ತದೆ.

– ಪಶುವೈದ್ಯಾಧಿಕಾರಿ, ಮಾಂಬಳ್ಳಿ